ಕ್ಯಾರಿಯರ್ ಮೇಲಿನ ರುಬ್ಬುಗುಂಡು

ತೂಗುಸೇತುವೆಯ ತಂತಿಗಳ ನೆರಳು ಒಂದೊಂದಾಗಿ ಬೆನ್ನುಗಳ ಮೇಲೆ ಹಾಯುತ್ತಿದೆ, ಮೊದಲು ಮೊಹ್ಸಿನ್‌ನ ಹಸಿರು ಅಂಗಿ, ಅದರ ಹಿಂದೆ ಸಾಲಾಗಿ ಎಂಟು ಬೆನ್ನು, ಕೊನೆಯಲ್ಲಿ ಹಂಸಳ ಜಡೆ — ಹತ್ತು, ಸರಿಯಾಗಿ ಹತ್ತು, ರಾಮಾಂಜಿನಪ್ಪ ಎಣಿಸಿ ಮುಗಿಸಿದ, ಹನ್ನೊಂದು ದಿನದಿಂದ ಇದೇ ಅವನ ಕೆಲಸ, ಗುಂಪಿನ ಕೊನೆಯಲ್ಲಿ ಸೈಕಲ್ ಹೊಡೆಯುವುದು, ಯಾರನ್ನೂ ದಾಟದಿರುವುದು, ಮುಂದಿನ ಬೆನ್ನುಗಳನ್ನು ಎಣಿಸುತ್ತಲೇ ಇರುವುದು, ಚಾಚಾ, ನಿಮ್ದು ಹಿಂದಿನ ಡ್ಯೂಟಿ, ಒಬ್ರೂ ಬಿಟ್ಟುಹೋಗ್ಬಾರ್ದು ನೋಡಿ ಎಂದು ಹೊರಡುವ ದಿನ ಮೊಹ್ಸಿನ್ ಹೇಳಿದಾಗ ಪಕ್ಕದಲ್ಲೇ ನಿಂತಿದ್ದ ಹೆಂಡತಿ ಆಂಜನಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಿದ್ದಳು, ಇವ್ರಿಗಾ, ಒಬ್ರೂ ಬಿಟ್ಟುಹೋಗ್ದಂಗೆ ನೋಡ್ಕೊಳ್ಳೋ ಕೆಲ್ಸಾನ ಹುಡುಕಿ ಹುಡುಕಿ ಇವ್ರಿಗೇ ಕೊಟ್ರಾ? — ಪಾಪ, ಮೊಹ್ಸಿನ್‌ಗೆ ತಲೆಬುಡ ಅರ್ಥವಾಗಲಿಲ್ಲ, ರಸೆಲ್ ಮಾರುಕಟ್ಟೆಯಲ್ಲಿ ಹಣ್ಣು ಮಾರುವವನಿಗೆ ಮಹದೇವಪುರದ ಗಂಡ ಹೆಂಡಿರ ಹಳೆ ಜಗಳ ಹೇಗೆ ಗೊತ್ತಾಗಬೇಕು, ರಾಮಾಂಜಿನಪ್ಪನಿಗೆ ಮಾತ್ರ ಕಿವಿ ಬಿಸಿಯಾಗಿತ್ತು, ಅರವತ್ತು ತುಂಬಿದ ಕಿವಿ, ಮೂವತ್ತೈದು ವರ್ಷದ ಹಿಂದಿನ ಮಾತಿಗೆ ಇವತ್ತಿಗೂ ಬಿಸಿಯಾಗುತ್ತದಲ್ಲ, ಅಯ್ಯೋ ಶಿವನೇ, ಇರಲಿ ಬಿಡು, ಇವತ್ತು ಕೊನೆಯ ದಿನ, ಹೊಸಕೋಟೆಯ ಛತ್ರದಿಂದ ಬೆಳಗಾಗುತ್ತಲೇ ಹೊರಟದ್ದು, ಬಿಸಿಲು ಈಗಷ್ಟೇ ಬೆನ್ನಿಗೆ ಬೀಳುತ್ತಿದೆ, ಭಾನುವಾರವಾದ್ದರಿಂದ ಕೆ.ಆರ್. ಪುರದಲ್ಲೂ ಉಸಿರಾಡುವಷ್ಟು ಜಾಗವಿದೆ, ಮುಂದೆ ಟಿನ್ ಫ್ಯಾಕ್ಟರಿ, ಇಂದಿರಾನಗರ, ಆಮೇಲೆ ಹಲಸೂರು ಕೆರೆ, ಅಲ್ಲಿ ಎಲ್ಲರ ಮನೆಯವರು ಕಾದಿರುತ್ತಾರೆ, ಅಲ್ಲಿಂದ ಮನೆಯವರನ್ನೂ ಕಟ್ಟಿಕೊಂಡು ರಸೆಲ್ ಮಾರುಕಟ್ಟೆಯ ಮುಂದೆ ಚಹಾ ಕುಡಿದರೆ ಪ್ರವಾಸ ಮುಗಿಯಿತು, ಆ ಎರಡು ಮೈಲಿ, ಕೆರೆಯಿಂದ ಮಾರುಕಟ್ಟೆಗೆ ಎರಡೇ ಎರಡು ಮೈಲಿ, ಆಂಜನಮ್ಮ ಇವನ ಹಿಂದೆ ಕ್ಯಾರಿಯರ್ ಮೇಲೆ ಕೂತು ಬರಬೇಕು. ಕೂರುತ್ತಾಳಾ? ಹೊರಡುವಾಗ ಕೇಳಿದ್ದಕ್ಕೆ ಹೂಂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ, ಮೊದ್ಲು ಇದನ್ನ ಸಮುದ್ರ ತೋರಿಸ್ಕೊಂಡು ಬೀಳಿಸ್ದಂಗೆ ವಾಪಸ್ ತಗೊಂಡ್ಬನ್ನಿ, ಆಮೇಲೆ ನೋಡೋಣ ಎಂದಳು.

ಇದನ್ನ ಅಂದರೆ ರುಬ್ಬುಗುಂಡನ್ನು. ಹೌದು ಸ್ವಾಮಿ, ರುಬ್ಬುಗುಂಡು, ಇಡ್ಲಿ ಹಿಟ್ಟು ತಿರುವುವ ಕರಿಕಲ್ಲಿನ ಗುಂಡು, ಎಂಟೂವರೆ ಕಿಲೋ, ಈಗಲೂ ಹಿಂದೆ ಕ್ಯಾರಿಯರ್ ಮೇಲೆ ಗೋಣಿಚೀಲದೊಳಗೆ ಗಟ್ಟಿಯಾಗಿ ಕೂತಿದೆ, ಸೇತುವೆಯ ಒಂದೊಂದು ಕೀಲು ದಾಟುವಾಗಲೂ ಧಡ್ ಅನ್ನುತ್ತದೆ, ಆ ಧಡ್ ಕೇಳಿದರೆ ಇವನಿಗೆ ಸಮಾಧಾನ — ಯಾಕೆಂದರೆ ಹಿಂದೆ ಭಾರವಿಲ್ಲದೆ ರಾಮಾಂಜಿನಪ್ಪನಿಗೆ ಸೈಕಲ್ ಹೊಡೆಯಲು ಬರುವುದಿಲ್ಲ, ಮೊಹ್ಸಿನ್ ಪಾಪ ಒಂದು ಗೇರು ಸೈಕಲ್ ಕೊಟ್ಟು ನೋಡಿದ, ಗಾಳಿಗೆ ಹಾರಿಹೋಗುವಂಥದ್ದು, ಕ್ಯಾರಿಯರ್ರೇ ಇಲ್ಲ, ಹಲಸೂರು ಕೆರೆ ಸುತ್ತ ಒಂದು ಸುತ್ತು ಹೊಡೆಯುವಷ್ಟರಲ್ಲಿ ಹೆಂಡ ಕುಡಿದವನ ಹಾಗೆ ಆ ಕಡೆ ಈ ಕಡೆ ವಾಲಾಡಿ ಬೇಲಿಗೆ ಗುದ್ದಿಕೊಂಡ, ಬೇಡಪ್ಪ, ನನ್ನ ಹಳೇ ಕರಿ ಸೈಕಲ್ಲೇ ಸಾಕು, ಹೋದ ಮಳೆಗಾಲ ಮಹದೇವಪುರದಲ್ಲಿ ಮನೆಯೊಳಕ್ಕೆ ನೀರು ನುಗ್ಗಿದಾಗ ಬೀದಿಯವರೆಲ್ಲ ಟಿವಿ, ಫ್ರಿಜ್ಜು ಎತ್ತಿಡುತ್ತಿದ್ದರೆ ಇವನು ಮೊದಲು ಎತ್ತಿಟ್ಟದ್ದು ಈ ಸೈಕಲ್ಲನ್ನೇ. ಹಂಸ ಇವನದೇ ಮನೆಯ ಎರಡನೇ ಮಹಡಿಯಲ್ಲಿ ಬಾಡಿಗೆಗಿರುವ ಹುಡುಗಿ, ಇವನನ್ನು ಈ ಗುಂಪಿಗೆ ಎಳೆದು ತಂದವಳೇ ಅವಳು, ಅವಳೋ ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನು ಅರ್ಧಕ್ಕೆ ಮುರಿದುಕೊಂಡು ಬಂದಿದ್ದಳು, ಭಾರ ಕಮ್ಮಿಯಾಗಲೆಂದು, ಗೋಣಿಚೀಲ ನೋಡಿ ಅಂಕಲ್, ಇದ್ರಲ್ಲಿ ಏನಿದೆ ಎಂದಳು, ರುಬ್ಬುಗುಂಡು ಕಣಮ್ಮ, ಅವಳು ಹಾಗೇ ನಿಂತುಬಿಟ್ಟಳು, ಅಂಕಲ್, ಕಡಲಿಗೆ ಹೋಗ್ತಿದೀವಿ, ದೋಸೆ ಹುಯ್ಯೋಕಲ್ಲ! ಆಂಜನಮ್ಮನೇ ಅದನ್ನು ತನ್ನ ಹಳೆಯ ಸೀರೆಯಲ್ಲಿ ಸುತ್ತಿ, ಚೀಲಕ್ಕೆ ಇಳಿಸಿ, ದಬ್ಬಣ ಹಿಡಿದು ಬಾಯಿ ಹೊಲಿದಳು, ಹೊಲಿಗೆ ಹಾಕುತ್ತಾ ಹಾಕುತ್ತಾ, ಇಪ್ಪತ್ತೈದು ವರ್ಷ ನಾನು ಇದನ್ನ ತಿರುಗಿಸಿದೀನಿ, ಹನ್ನೊಂದು ದಿನ ನೀವು ತಿರುಗಿಸ್ಕೊಂಡು ಬನ್ನಿ ಎಂದಳು, ಮಿಕ್ಸಿ ಬಂದ ಮೇಲೆ ಒರಳು ಹಿತ್ತಲು ಸೇರಿ ತುಳಸಿಗೆ ಕುಂಡವಾಗಿದೆ, ಗುಂಡಿಗೆ ಯಾವ ಕೆಲಸವೂ ಇರಲಿಲ್ಲ, ಈಗ ನೋಡು, ಮಹದೇವಪುರದ ಯಾವ ಗುಂಡಿಗೂ ಇಲ್ಲದ ಭಾಗ್ಯ ಇದಕ್ಕೆ, ಚೆನ್ನೈ ನೋಡಿತು, ಪುದುಚೇರಿ ನೋಡಿತು, ಮಹಾಬಲಿಪುರದಲ್ಲಿ ಅಷ್ಟೊಂದು ಕಲ್ಲುಗಳ ನಡುವೆ ಇದನ್ನೂ ಒಂದು ಫೋಟೋ ಹೊಡೆದ ಮೊಹ್ಸಿನ್.

ಟಿನ್ ಫ್ಯಾಕ್ಟರಿ ದಾಟಿತು, ಹತ್ತು ಬೆನ್ನು, ಬೆನ್ನಿಗಾನಹಳ್ಳಿ ಕೆರೆಯ ಮೇಲೆ ಕೊಕ್ಕರೆ, ಹತ್ತು ಬೆನ್ನು — ಈ ರಸ್ತೆ ಇವನಿಗೆ ಕಣ್ಣು ಮುಚ್ಚಿದರೂ ಗೊತ್ತು, ಹದಿಮೂರನೇ ವರ್ಷದಿಂದ ಹೊಡೆದ ರಸ್ತೆ, ಕ್ಯಾರಿಯರ್ ಮೇಲೆ ಒದ್ದೆ ಗೋಣಿಯಲ್ಲಿ ದಂಟು, ಕೊತ್ತಂಬರಿ, ಸಬ್ಬಸಿಗೆ, ಆಳೆತ್ತರ ಹೇರು, ಸೊಪ್ಪಿನ ನೀರು ತೊಟ್ಟಿಕ್ಕಿ ಮೀನಖಂಡದವರೆಗೂ ತಣ್ಣಗೆ ಇಳಿಯುತ್ತಿತ್ತು, ಆಗ ಮೇಲೆ ಮೆಟ್ರೋ ಎಲ್ಲಿತ್ತು, ಎರಡೂ ಕಡೆ ಮರ, ಮಹದೇವಪುರದಿಂದ ರಸೆಲ್ ಮಾರುಕಟ್ಟೆಗೆ ಒಂದೇ ದಮ್ಮು, ಹೇರಿನಿಂದ ಒಂದು ಕಟ್ಟು ಸೊಪ್ಪು ಜಾರಿ ಬಿದ್ದರೂ ರಾಮಾಂಜಿನಪ್ಪನಿಗೆ ತಿಳಿಯುತ್ತಿತ್ತು, ತಿರುಗಿ ನೋಡದೆಯೇ ಬ್ರೇಕ್ ಹಾಕುತ್ತಿದ್ದ, ಊರಲ್ಲೆಲ್ಲ ಅದೇ ಮಾತು, ಇವ್ನ ಬೆನ್ನಿಗೆ ಕಣ್ಣಿದೆ ಕಣ್ರೋ, ಹೂವಿನಷ್ಟು ಹಗುರಾದ್ರೂ ಹೇಳ್ತಾನೆ. ಅಂಥವನು. ಅಂಥವನು ಹೋಗಿ ಹೋಗಿ ಹೆಂಡತಿಯನ್ನು ಬೀಳಿಸಿಕೊಂಡು ಹೋದ. ಮದುವೆಯಾಗಿ ಮೂರನೇ ತಿಂಗಳು, ನೀವು ದಿನಾ ಹೋಗೋ ಮಾರ್ಕೆಟ್ಟು ನನ್ಗೂ ತೋರ್ಸಿ ಎಂದಿದ್ದಳು ಆಂಜನಮ್ಮ, ಹತ್ತೊಂಬತ್ತರ ಹುಡುಗಿ, ಅವತ್ತು ಸೊಪ್ಪು ಹೇರಲಿಲ್ಲ, ಕ್ಯಾರಿಯರ್ ತೊಳೆದು, ಮೇಲೆ ಟವೆಲು ಮಡಿಸಿ ಹಾಸಿ ಅವಳನ್ನು ಕೂರಿಸಿದ, ಕೆಂಪು ಪಟ್ಟಿಯ ಹೊಸ ಚಪ್ಪಲಿ ಅವಳದು, ಒಂದು ಕೈ ಸೀಟಿನ ಕೆಳಗಿನ ಸ್ಪ್ರಿಂಗಿಗೆ, ಇವನ ಸೊಂಟ ಹಿಡಿಯಲು ನಾಚಿಕೆ, ದಾರಿಯುದ್ದಕ್ಕೂ ಇವನು ಮಾತು, ಮಾತು, ಹಲಸೂರು ಬಜಾರಿನ ತಿರುವಿನಲ್ಲಿ ಒಂದು ಹಳ್ಳ, ಚಕ್ರ ಜಿಗಿಯಿತು, ಅಲ್ಲೇ ಒಂದು ಬಸ್ಸು ಹಾರನ್ ಹೊಡೆಯಿತು, ಸೈಕಲ್ಲು ತಟ್ಟನೆ ಹಗುರಾಯಿತು. ತಟ್ಟನೆ. ಅದು ಗೊತ್ತಾಗಿತ್ತು ಅವನಿಗೆ, ಚೆನ್ನಾಗಿ ಗೊತ್ತಾಗಿತ್ತು, ಆದರೆ ಬ್ರೇಕ್ ಹಾಕಲಿಲ್ಲ, ಇಳಿಜಾರಿನಲ್ಲಿ ಇನ್ನೂ ಜೋರಾಗಿ ತುಳಿದ, ಕೆರೆ ಬಂದೇಬಿಟ್ಟಿತು, ಅಗೋ ನೋಡು ಗುರುದ್ವಾರ, ಅಗೋ ಆ ನಡುಗಡ್ಡೆ ನೋಡು, ಹಕ್ಕಿ ಎಷ್ಟಿವೆ, ಎಂದೆಲ್ಲ ಖಾಲಿ ಕ್ಯಾರಿಯರ್ರಿಗೆ ವಿವರಿಸುತ್ತಾ ಅರ್ಧ ಮೈಲಿ ಹೋದ ಭೂಪ, ಚೆನ್ನಾಗಿದ್ಯಾ ಎಂದು ಕೇಳಿದ, ತಿರುಗಿ ನೋಡಿದರೆ ಮಡಿಸಿದ ಟವೆಲು ಮಾತ್ರ ಇತ್ತು.

ವಾಪಸು ಹೊಡೆದುಕೊಂಡು ಬಂದಾಗ ಮೊದಲು ಕಂಡದ್ದು ಚಪ್ಪಲಿ. ರಸ್ತೆಯ ನಟ್ಟನಡುವೆ ಒಂದೇ ಒಂದು ಚಪ್ಪಲಿ, ಎಡಗಾಲಿನದು, ಕೆಂಪು ಪಟ್ಟಿ ಮೇಲಾಗಿ, ಬಸ್ಸು ಅದರ ಎರಡೂ ಕಡೆ ಚಕ್ರ ಹಾಯಿಸಿಕೊಂಡು ಹೋಯಿತು, ಚಪ್ಪಲಿ ಅಲ್ಲಾಡಲಿಲ್ಲ — ಆಮೇಲೆ ಕಂಡಳು ಅವಳು, ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದಳು, ಮೊಣಕೈ ತರಚಿತ್ತು, ಹೂವಿನವಳೊಬ್ಬಳು ನೀರು ಕುಡಿಸುತ್ತಿದ್ದಳು, ಎನ್ನಪ್ಪಾ, ಪೊಂಡಾಟ್ಟಿಯ ವಿಟ್ಟುಟ್ಟು ಪೋಯಿಟ್ಟಿಯೇ ಎಂದು ತಮಿಳಿನಲ್ಲಿ ಉಗಿದಳು, ಹೆಂಡತಿಯನ್ನೇ ಬಿಟ್ಟುಹೋದೆಯಲ್ಲಪ್ಪಾ ಎಂದು, ಆಂಜನಮ್ಮ ಬಸ್ಸು ಹತ್ತಿ ಮನೆಗೆ ಹೋದಳು, ರಸೆಲ್ ಮಾರುಕಟ್ಟೆಯನ್ನು ಅವತ್ತೂ ನೋಡಲಿಲ್ಲ, ಆಮೇಲೂ ನೋಡಲಿಲ್ಲ, ಸೈಕಲ್ ಹತ್ತಲಿಲ್ಲ, ಆ ಮಾರ್ಕೆಟ್ಟೊಂದು ಕಾಣ್ದಿದ್ರೆ ನನ್ಗೇನೂ ಕಮ್ಮಿ ಇಲ್ಲ ಎನ್ನುತ್ತಾಳೆ. ಮೊಣಕೈ ವಾರದಲ್ಲಿ ವಾಸಿಯಾಯಿತು, ವಾಸಿಯಾಗದೆ ಉಳಿದದ್ದು ಬೇರೆ, ಅದನ್ನು ಅವಳು ವರ್ಷಕ್ಕೊಂದು ಸಲ, ಯಾವುದಾದರೂ ಹಬ್ಬದ ದಿನ, ಎಲ್ಲರೂ ನಗುವಾಗ ತಾನೂ ನಗುತ್ತಲೇ ಹೇಳುತ್ತಾಳೆ, ಒಂದು ಕಟ್ಟು ಸೊಪ್ಪು ಬಿದ್ರೆ ಗೊತ್ತಾಗ್ತಿತ್ತು ಇವ್ರಿಗೆ, ನಾನು ಬಿದ್ರೆ ಗೊತ್ತಾಗ್ಲಿಲ್ಲ, ಒಂದು ಕಟ್ಟು ಸೊಪ್ಪಿನ ಭಾರವೂ ಇರ್ಲಿಲ್ವೇನೋ ನಾನು. ಎಲ್ಲರೂ ನಗುತ್ತಾರೆ, ಇವನೂ ನಗುತ್ತಾನೆ, ಬಸ್ಸಿನ ಸದ್ದಮ್ಮ, ಬಸ್ಸಿನ ಸದ್ದಿಗೆ ತಿಳೀಲಿಲ್ಲ ಎನ್ನುತ್ತಾನೆ, ಸುಳ್ಳು, ಅಪ್ಪಟ ಸುಳ್ಳು, ಅವತ್ತು ಅಂಗಳದಲ್ಲಿ ಅವ್ವ ನಿಂತಿದ್ದಳು, ಅತ್ತೆಮನೆಯವರು ಬಂದಿದ್ದರು, ಹೆಂಡ್ತಿ ಬಿದ್ರೂ ತಿಳೀಲಿಲ್ವೇನೋ ಎಂದು ಎಲ್ಲರೂ ಒಟ್ಟಿಗೆ ಮೇಲೆ ಬಿದ್ದರು, ಅಷ್ಟು ಜನರ ಮುಂದೆ ನಿಜ ಹೇಳಲು ನಾಲಿಗೆ ಹೊರಳಲಿಲ್ಲ, ಬಸ್ಸಿನ ಸದ್ದು ಎಂದುಬಿಟ್ಟ, ಒಂದು ಸಲ ಹೇಳಿದ ಸುಳ್ಳನ್ನು ಎರಡನೇ ಸಲ ಹೇಳುವುದು ಸಲೀಸು, ಹತ್ತನೇ ಸಲ ಅದೇ ನಿಜವಾಗಿಬಿಡುತ್ತದೆ, ಆಗಲಿಲ್ಲವಲ್ಲ, ಅವನೊಳಗೆ ಆಗಲಿಲ್ಲ.

ಹತ್ತು ಬೆನ್ನು. ಇಂದಿರಾನಗರ, ಮೇಲೆ ಮೆಟ್ರೋ ಹಳಿ, ಕಂಬದ ನೆರಳು ಬಿಸಿಲು, ಕಂಬದ ನೆರಳು ಬಿಸಿಲು, ಯಾವುದೋ ಹೋಟೆಲಿನಿಂದ ತುಪ್ಪದ ವಾಸನೆ, ಕಾಲು ತಾನಾಗಿ ತಿರುಗುತ್ತಿದೆ, ಎಷ್ಟು ಹಾಯಾಗಿದೆ ಮೈ, ಇಷ್ಟು ದಿನ ತುಳಿದದ್ದಕ್ಕೆ ಮಂಡಿ ಕಿತ್ತುಹೋಗಬೇಕಿತ್ತು, ಹೋಗಿಲ್ಲ, ಕಡಲು ಮೊದಲ ಸಲ ಕಂಡಾಗ ಎಲ್ಲರೂ ಕೂಗಿಕೊಂಡು ಓಡಿದರು, ಇವನು ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, ಚೀಲ ಭದ್ರವಾಗಿದೆಯಾ ಎಂದು ಮುಟ್ಟಿ ನೋಡಿ, ಆಮೇಲೆ ತಲೆಯೆತ್ತಿದ, ಅಬ್ಬಾ, ಅಷ್ಟು ನೀರು, ಯಾರಿಗೂ ಬಾಡಿಗೆಗೆ ಕೊಡದ ಅಷ್ಟು ಜಾಗ, ಆಂಜನಮ್ಮ ಇರಬೇಕಿತ್ತು ಎನಿಸಿತು, ಬೆಸ್ತರ ಹೆಂಗಸರು ಕರಿದ ಮೀನು ಮಾರುತ್ತಿದ್ದರು, ಮೊಹ್ಸಿನ್ ಎಲ್ಲರಿಗೂ ಕೊಡಿಸಿದ, ಚಾಚಾ ತಗೊಳ್ಳಿ, ಗುಂಡಿಗೂ ಒಂದು ಪೀಸ್ ಇಡ್ಲಾ? ಎಡಗಡೆ ಕಡಲು, ಎರಡು ದಿನ ಎಡಗಡೆ ಕಡಲೇ ಕಡಲು, ಗಾಳಿ ಪಕ್ಕದಿಂದ ನೂಕುತ್ತಿತ್ತು, ಹಗುರ ಸೈಕಲ್ಲಿನವರೆಲ್ಲ ತೂರಾಡಿದರು, ಇವನೊಬ್ಬ ಗುಂಡಿನ ದಯದಿಂದ ನೆಟ್ಟಗೆ ಹೋದ, ಹಂಸ ಕೈ ಮುಗಿದಳು, ಅಂಕಲ್, ಮುಂದಿನ್ಸಲ ನಮ್ಮನೇ ಮಿಕ್ಸಿ ತರ್ತೀನಿ ನಾನು. ಆಮೇಲೆ ಮರಕ್ಕಾಣಂ, ಉಪ್ಪಿನ ಗದ್ದೆಗಳು, ರಸ್ತೆಯ ಎರಡೂ ಕಡೆ ಬೆಳ್ಳಗೆ ಗುಡ್ಡೆ ಗುಡ್ಡೆ ಉಪ್ಪು, ಕಣ್ಣು ಬಿಡಲಾಗದ ಬಿಸಿಲು, ಅಲ್ಲೇ ಚೀಲಕ್ಕೆ ಬಿಗಿದ ಟ್ಯೂಬಿನ ಪಟ್ಟಿ ಫಟ್ ಎಂದು ಕಿತ್ತಿತು, ಸೈಕಲ್ಲು ಹಗುರಾಯಿತು. ಅದೇ ಹಗುರ. ಮೂವತ್ತೈದು ವರ್ಷ ಆದಮೇಲೂ ಅದೇ. ಕಾಲು ಒಂದು ಸುತ್ತು ತಿರುಗಲಿಲ್ಲ, ಬ್ರೇಕ್ ಹಿಡಿದ, ಸೈಕಲ್ಲನ್ನು ಹಾಗೇ ರಸ್ತೆಗೆ ಕೆಡವಿ ಓಡಿದ, ಗುಂಡು ಚೀಲದ ಸಮೇತ ಉಪ್ಪಿನ ಅಂಚಿಗೆ ಬಿದ್ದಿತ್ತು, ಚೀಲದ ಒಂದು ಮೂಲೆ ಹರಿದು, ಸೀರೆಯೂ ಹರಿದು, ಕಲ್ಲಿನಿಂದ ಉಗುರಿನಷ್ಟು ಚೂರು ಎದ್ದಿತ್ತು, ಇವನು ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ರಸ್ತೆ ಬದಿಯಲ್ಲಿ ಕೂತು ಅತ್ತ, ನಾಚಿಕೆಯಿಲ್ಲದೆ ಅತ್ತ, ಹಿಂತಿರುಗಿ ಬಂದ ಹಂಸ ಗಾಬರಿಯಾಗಿ ಅಂಕಲ್ ಎಲ್ಲಿ ಪೆಟ್ಟಾಯ್ತು, ಎಲ್ಲಿ ಎಂದಳು, ಪೆಟ್ಟಾಗಿಲ್ಲಮ್ಮ, ಪೆಟ್ಟಲ್ಲ — ಆಗ ಹೇಳಿದ, ಯಾರಿಗೂ ಹೇಳದ್ದನ್ನು ಬಾಡಿಗೆಯ ಹುಡುಗಿಗೆ ಉಪ್ಪಿನ ಗುಡ್ಡೆಯ ಪಕ್ಕ ಕೂತು ಹೇಳಿದ, ಅವಳು ಬಾಯಿ ಬಿಟ್ಟುಕೊಂಡು ಕೇಳಿದಳು, ಇಷ್ಟು ವರ್ಷ ಆಂಟಿಗೆ ಹೇಳೇ ಇಲ್ವಾ? ಹೋಗಿ ಮೊದ್ಲು ಹೇಳಿ ಅಂಕಲ್, ಆ ಕಲ್ಲಿಗಿಂತ ಭಾರ ಇದೆ ಅದು. ಬಹಳ ತಿಳಿದವಳ ಹಾಗೆ ಮಾತಾಡುತ್ತಾಳೆ ಹುಡುಗಿ.

ಹಲಸೂರು. ಬೆನ್ನುಗಳು ಒಂದೊಂದಾಗಿ ಬಜಾರಿನ ತಿರುವಿನಲ್ಲಿ ಮರೆಯಾಗುತ್ತಿವೆ, ಎಂಟು, ಒಂಬತ್ತು, ಹಂಸಳ ಜಡೆ, ಹತ್ತು, ಎಲ್ಲ ಸುಖವಾಗಿ ಕೆರೆ ಮುಟ್ಟಿದರೆ ಇವನ ಡ್ಯೂಟಿ ಮುಗಿಯಿತು, ಕೆರೆಯ ಹತ್ತಿರ ಅವಳು ನಿಂತಿರುತ್ತಾಳೆ, ಜನರ ನಡುವೆ ಹೇಗೆ ಹೇಳುವುದು, ಚಹಾ ಆದಮೇಲೆ ಹೇಳಲೇ, ಮನೆಗೆ ಹೋದಮೇಲೆ, ನಾಳೆ, ಬಿಡು, ಮತ್ತೆ ಬಸ್ಸಿನ ಸದ್ದೇ ಆಗುತ್ತದೆ, ನಾಳೆ ಅಂದರೆ ಇನ್ನೊಂದು ಮೂವತ್ತೈದು — ಚಪ್ಪಲಿ, ಇಲ್ಲೇ, ರಸ್ತೆಯ ಈ ನಡುವೆಯೇ ಇತ್ತು ಅದು, ಈಗ ಇಲ್ಲಿ ಟಾರು ಎಷ್ಟು ಪದರ ಬಿದ್ದಿದೆಯೋ, ಈ ಜಾಗ ಬಂದಾಗಲೆಲ್ಲ ಅದು ಕಂಡೇ ಕಾಣುತ್ತದೆ, ಕೆಂಪು ಪಟ್ಟಿ ಮೇಲಾಗಿ ಒಂದೇ ಚಪ್ಪಲಿ, ಬ್ರೇಕ್. ಬ್ರೇಕ್ ಹಾಕಿದ್ದು ಚಪ್ಪಲಿಗಲ್ಲ. ಅದೇ ಮೆಟ್ಟಿಲ ಮೇಲೆ, ಬಾಗಿಲು ಹಾಕಿದ ಮೊಬೈಲ್ ಅಂಗಡಿಯ ಮುಂದೆ, ಆ ಹೂವಿನವಳ ಮಗಳು ಕಾವೇರಿಯ ಬುಟ್ಟಿಯ ಪಕ್ಕದಲ್ಲಿ, ಆಂಜನಮ್ಮ ಕೂತಿದ್ದಾಳೆ, ಮಾವಿನಕಾಯಿ ಬಣ್ಣದ ಸೀರೆ, ತಲೆಗೆ ಆಗಷ್ಟೇ ಕೊಂಡ ಹೂವು, ಕೆರೆ ಹತ್ರ ಅಲ್ವಾ, ಎಂದು ಇವನು ತೊದಲಿದ, ಕೆರೆ ಹತ್ರ ಜನ ಜಾಸ್ತಿ, ನೀವು ಎಲ್ಲರ ಹಿಂದೆ ಬರ್ತೀರಲ್ಲ, ಇಲ್ಲೇ ಸಿಗ್ತೀರ ಅಂತ ಕೂತೆ ಎಂದಳು, ಎದ್ದು ಬಂದಳು, ಇವನ ಮುಖ ನೋಡಲಿಲ್ಲ, ಸೀದಾ ಹಿಂದಕ್ಕೆ ಹೋಗಿ ಚೀಲ ಮುಟ್ಟಿದಳು, ಹೊಲಿಗೆಯ ಮೇಲೆ ಬೆರಳು ಆಡಿಸಿದಳು, ಮೂಲೆಗೆ ಬಂದು ಬೆರಳು ನಿಂತಿತು. ಬೀಳಿಸಿದ್ರಿ. ಬಿತ್ತು, ಪಟ್ಟಿ ಕಿತ್ತೋಯ್ತು, ಆದ್ರೆ ಕಾಲು ಒಂದು ಸುತ್ತು ತಿರುಗೋದ್ರೊಳಗೆ ನಿಲ್ಸಿದೆ ಕಣೇ, ದೇವರಾಣೆ, ಹಂಸನ್ನ ಕೇಳು. ಓಹೋ, ಎಂದಳು ಆಂಜನಮ್ಮ, ನಗುತ್ತಲೇ ಎಂದಳು, ಹಬ್ಬದ ದಿನದ ಅದೇ ನಗು, ಕಲ್ಲು ಬಿದ್ರೆ ಗೊತ್ತಾಗುತ್ತೆ ಅನ್ನಿ.

ಅವತ್ತೂ ಗೊತ್ತಾಗಿತ್ತು. ಮಾತು ಬಾಯಿಂದ ಹೊರಗೆ ಬಂದೇಬಿಟ್ಟಿತ್ತು, ಇನ್ನು ನುಂಗುವ ಹಾಗಿಲ್ಲ, ಮೇಲೆ ಎಲ್ಲೋ ಮೆಟ್ರೋ ಹಾಯುವ ಸದ್ದು, ಮುಗಿಯಲಿ ಎಂದು ಕಾದ, ಸದ್ದು ಎಂದು ಮತ್ತೆ ನೆಪ ಹೇಳಬಾರದಲ್ಲ, ಅವತ್ತೂ ಗೊತ್ತಾಗಿತ್ತು ಕಣೇ, ಬಸ್ಸಿನ ಸದ್ದೆಲ್ಲ ಸುಳ್ಳು, ನೀನು ಬಿದ್ದ ತಕ್ಷಣ ಸೈಕಲ್ಲು ಹಗುರಾಯ್ತು, ನನ್ಗೆ ಗೊತ್ತಾಯ್ತು, ಆದ್ರೆ — ಮೂರು ತಿಂಗ್ಳಾಗಿತ್ತು ಮದ್ವೆಯಾಗಿ, ನೀನು ಹಿಂದೆ ಕೂತಿದ್ದೆ, ನಾನು ಹೇಳಿದ್ದಕ್ಕೆಲ್ಲ ಹೂಂ ಹೂಂ ಅಂತಿದ್ದೆ, ಖುಷಿಯಾದ್ರೆ ಹಿಂಗೇ ಹಗುರಾಗುತ್ತೆ ಅಂದ್ಕೊಂಡ್ಬಿಟ್ಟೆ. ಖುಷಿ ಅಂದ್ಕೊಂಡೆ ಕಣೇ ನಾನು. ಆಂಜನಮ್ಮನ ಕೈ ಚೀಲದ ಮೇಲೇ ಇತ್ತು, ಅಲ್ಲಾಡಲಿಲ್ಲ, ಕಾವೇರಿ ಹೂ ಕಟ್ಟುವುದನ್ನು ನಿಲ್ಲಿಸಿ ಇಬ್ಬರ ಮುಖವನ್ನೂ ನೋಡಿದಳು, ಒಂದು ಆಟೋ ಹಾರನ್ ಹೊಡೆದು ಸುತ್ತಿಕೊಂಡು ಹೋಯಿತು, ಇವನಿಗೆ ಮರಕ್ಕಾಣಂನ ಬಿಸಿಲೇ ವಾಸಿ ಎನಿಸಿತು. ಇದನ್ನ ಹೇಳೋಕೆ ಸಮುದ್ರದವರೆಗೂ ಹೋಗ್ಬೇಕಾಯ್ತಾ ನಿಮ್ಗೆ, ಎಂದಳು ಕೊನೆಗೆ, ಮೂಗು ಸೆರಗಿನಲ್ಲಿ ಒರೆಸಿಕೊಂಡಳು, ಮೂವತ್ತೈದು ವರ್ಷ ನಾನು ಸೊಪ್ಪಿಗಿಂತ ಕಡೆ ಅನ್ಕೊಂಡು ಬದುಕಿದೀನಿ, ಗೊತ್ತಾ? ಗೊತ್ತು. ಏನ್ ಗೊತ್ತು ನಿಮ್ಗೆ, ಮಣ್ಣು — ಅಷ್ಟು ಖುಷಿಯಾಗಿತ್ತಾ? ಹೂಂ. ಹೂಂ ಎಂದ ಇನ್ನೊಂದು ಸಲ. ಅವಳು ಚೀಲದ ಕಟ್ಟು ಬಿಚ್ಚಿದಳು, ಇವನು ಗುಂಡನ್ನು ಎತ್ತಿಳಿಸಿದ, ಎಲ್ಲಿಡಲಿ ಎಂದು ನೋಡುತ್ತಿದ್ದರೆ ಅವಳೇ ಮೆಟ್ಟಿಲು ತೋರಿಸಿದಳು, ಅಲ್ಲಿಡಿ, ನಾನು ಕೂತಿದ್ದ ಜಾಗದಲ್ಲಿ, ಕಾವೇರಿ, ಸ್ವಲ್ಪ ನೋಡ್ಕೊಳಮ್ಮ, ಮಾರ್ಕೆಟ್ ನೋಡ್ಕೊಂಡು ಬಂದು ತಗೊಂಡ್ಹೋಗ್ತೀವಿ. ಮಾರ್ಕೆಟ್ ನೋಡ್ಕೊಂಡು, ಎಂದಳು, ಇವನು ಕಿವಿಯಾರೆ ಕೇಳಿದ.

ಕ್ಯಾರಿಯರ್ ಮೇಲೆ ಟವೆಲು ಹಾಸಿದ, ಅವಳು ಚಪ್ಪಲಿ ಬಿಟ್ಟಳು, ಎರಡನ್ನೂ ಕೈಗೆತ್ತಿಕೊಂಡು, ಹೋದ್ಸಲ ಒಂದು ರೋಡಲ್ಲೇ ಉಳೀತು, ಹೊಸ ಜೊತೆ ಅದು, ಬಹಳ ದಿನ ಅತ್ತಿದ್ದೆ ಅದಕ್ಕೆ, ಎನ್ನುತ್ತಾ ಮುಂದಕ್ಕೆ ಬಂದು ಒಂದನ್ನು ಹ್ಯಾಂಡಲಿನ ಈ ತುದಿಗೆ, ಇನ್ನೊಂದನ್ನು ಆ ತುದಿಗೆ ಪಟ್ಟಿ ಸಿಕ್ಕಿಸಿ ತೂಗುಹಾಕಿದಳು, ನಡೀರಿ, ಇವು ನಿಮ್ಮ ಕಣ್ಣಮುಂದೇ ಇರ್ಲಿ, ಹಿಂದಕ್ಕೆ ಹೋಗಿ ಕೂತಳು, ಸೈಕಲ್ಲು ಕುಗ್ಗಿತು, ಸರಿಯಾಗಿ ಕುಗ್ಗಿತು, ಗುಂಡಿನ ಹಾಗಲ್ಲ, ಸೊಪ್ಪಿನ ಹಾಗಲ್ಲ, ಸೊಂಟದ ಸುತ್ತ ಒಂದು ಕೈ ಬಂತು, ಬಳೆ ಹೊಟ್ಟೆಗೆ ಒತ್ತಿತು, ತುಳಿದ, ಇಳಿಜಾರು, ಹಿಡಿದು ಹಿಡಿದು ಇಳಿಸಿದ, ದೂರದಲ್ಲಿ ಕೆರೆಯ ಹತ್ತಿರ ಹಸಿರು ಅಂಗಿ ಕೈ ಬೀಸುತ್ತಿದೆ, ಹತ್ತು ಬೆನ್ನುಗಳು ತಿರುಗಿ ಹತ್ತು ಮುಖಗಳಾಗಿವೆ, ಅಗೋ ನೋಡು ಗುರುದ್ವಾರ, ಹೂಂ, ಅಗೋ ಆ ನಡುಗಡ್ಡೆ, ಹಕ್ಕಿ ಎಷ್ಟಿವೆ ನೋಡು, ಹೂಂ, ನೋಡ್ತಿದೀನಿ, ಮೈಯೆಲ್ಲ ಹಗುರ, ಸೈಕಲ್ಲು ಮಾತ್ರ ಭಾರ, ಚೆನ್ನಾಗಿದ್ಯಾ, ಹೂಂ, ತಿರುಗಿ ನೋಡಬೇಕಿಲ್ಲ, ಕಣ್ಣಮುಂದೆ ಹ್ಯಾಂಡಲಿನ ಎರಡು ತುದಿಯಲ್ಲಿ ಚಪ್ಪಲಿ, ಎಡಗಾಲಿನದು, ಬಲಗಾಲಿನದು, ತೂಗುತ್ತಿವೆ, ಎರಡು, ಎರಡೂ ಇವೆ, ಎರಡು ಚಪ್ಪಲಿ —